ಎಡ ಮೊಣಕಾಲಿನ ನೀರು

ಆಗುವುದಿಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಹೆಸರು ಹಿಡಿದೇ ಹೇಳುತ್ತೇನೆ: ರಾಮಣ್ಣ, ನಮ್ಮಪ್ಪನ ಅಣ್ಣ. ಒಂದು ಕಾಲಕ್ಕೆ ಸುಂಕದಕಟ್ಟೆಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದರು. ಕಣ್ಣು ಮಂಜಾಯಿತೆಂದು ನಲವತ್ತೈದಕ್ಕೇ ಮುಚ್ಚಿದರು. ಪ್ರತಿ ಭಾನುವಾರ ಹೆಗ್ಗನಹಳ್ಳಿಯ ನಮ್ಮ ಮನೆಗೆ ಬಂದು, ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಹೆಗಲ ಟವೆಲನ್ನು ತೊಡೆಯ ಮೇಲೆ ಹಾಕಿ, ಎರಡೂ ಕೈಗಳನ್ನು ಅದರೊಳಗೆ ಸೇರಿಸಿಕೊಂಡು, ಒಬ್ಬೊಬ್ಬರ ಬಗ್ಗೆಯೂ ತೀರ್ಪು ಕೊಟ್ಟು ಹೋಗುವುದು ಅವರ ರೂಢಿ.

ನನ್ನ ಬಗ್ಗೆ ಎರಡು ಸಲ ತೀರ್ಪು ಕೊಟ್ಟರು. ಮೊದಲನೆಯದು ನಾನು ಬಿಎಸ್ಸಿಗೆ ಸೇರಿದಾಗ. "ನಮ್ ಮನೆತನದಲ್ಲಿ ಹತ್ತನೇ ಕ್ಲಾಸೇ ಯಾರೂ ದಾಟಿಲ್ಲ, ಇವಳು ಡಿಗ್ರಿ ತಗೋತಾಳಂತೆ. ತಗೊಂಡ್ರೆ ನಾನು ಮೀಸೆ ಬೋಳಿಸ್ತೀನಿ." ನಾನು ಡಿಗ್ರಿ ತೆಗೆದುಕೊಂಡೆ. ಮೀಸೆ ಇದ್ದ ಹಾಗೇ ಇತ್ತು. ಅದನ್ನು ನಾನೂ ನಗೆಯಲ್ಲೇ ತೇಲಿಸಿಬಿಟ್ಟೆ. ಎರಡನೇ ತೀರ್ಪಿಗೆ ಮಾತ್ರ ನಗು ಬರಲಿಲ್ಲ. ಅದಕ್ಕೆ ಮೊದಲು ನನ್ನ ಕೈಯ ಕಥೆ ಹೇಳಬೇಕು.

ಎಂಎಸ್ಸಿ ಎರಡನೇ ವರ್ಷ ಶುರುವಾಗಿ ತಿಂಗಳಾಗಿತ್ತು. ಒಂದು ಬೆಳಿಗ್ಗೆ ಎದ್ದರೆ ಬೆರಳು ಬಿಚ್ಚಲು ಬರಲಿಲ್ಲ. ನೋವಿಗಿಂತ ಹೆಚ್ಚಾಗಿ ಬಿಗಿ. ಪೇಸ್ಟಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ತೆಗೆದೆ. ಚೂಡಿದಾರದ ಲಾಡಿ ಕಟ್ಟಲಾಗದೆ ಬಚ್ಚಲಲ್ಲೇ ನಿಂತೆ. ಹೊರಗಿನಿಂದ ಅಮ್ಮ ಕೂಗಿದಳು: "ಏನೇ ಮಾಡ್ತಿದೀಯ ಒಳಗೆ? ಬಸ್ಸು ನಿಮ್ ತಾತಂದಾ, ಕಾಯ್ತಾ ನಿಂತಿರೋಕೆ?"

ಹತ್ತು ಗಂಟೆಯ ಹೊತ್ತಿಗೆ ಎಲ್ಲ ಸರಿಯಾಯಿತು. ಈ ರೋಗದ ಕುತಂತ್ರವೇ ಅದು. ಬೆಳಿಗ್ಗೆ ಮುದುಕಿ, ಮಧ್ಯಾಹ್ನ ಹುಡುಗಿ. ಹೇಳಿದರೆ ಯಾರು ನಂಬುತ್ತಾರೆ? ಉಲ್ಲಾಳದ ಬಸ್ಸಿನಲ್ಲಿ ಕಂಬಿ ಹಿಡಿಯಲಾಗದೆ ಒಬ್ಬರನ್ನು ಕೇಳಿದೆ, "ಆಂಟಿ, ಸ್ವಲ್ಪ ಜಾಗ ಕೊಡ್ತೀರಾ, ಕೈ ನೋವು." ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕೈ ನೋವಿಗೆ ಕೂರ್ಬೇಕೇನಮ್ಮ? ಕಾಲು ನೆಟ್ಟಗಿದೆಯಲ್ಲ."

ಬಸವೇಶ್ವರನಗರದ ಕ್ಲಿನಿಕ್ಕಿನ ಡಾಕ್ಟರು ಮೊಬೈಲ್ ಕಮ್ಮಿ ಮಾಡು ಎಂದರು. ಪಕ್ಕದ ಪೋರ್ಷನ್ನಿನವರು ವಾಯು ಎಂದರು. ಆಲೂಗಡ್ಡೆ, ಬದನೆಕಾಯಿ ಮನೆಗೆ ಬರುವುದು ನಿಂತಿತು. ಎಣ್ಣೆ, ಕಷಾಯ, ಬಿಸಿ ಉಪ್ಪಿನ ಗಂಟು. ಅಪ್ಪ ಲೇತ್ ಮೆಷಿನ್ ಕೆಲಸ ಮುಗಿಸಿ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ನೋಡುತ್ತಿದ್ದರು, ಅಳತೆ ತಪ್ಪಿದ ಬೋಲ್ಟನ್ನು ನೋಡುವ ಹಾಗೆ.

ಈಗ ಒಂದು ತಪ್ಪೊಪ್ಪಿಗೆ. ಇದೇನು ರೋಗವೆಂದು ಮೂರನೇ ವಾರಕ್ಕೇ ನನಗೆ ಅನುಮಾನವಿತ್ತು. ಏಕೆಂದರೆ ನಾನು ಓದುತ್ತಿದ್ದದ್ದೇ ಅದನ್ನು.

ನಮ್ಮ ಲ್ಯಾಬಿಗೆ ರಾಜಾಜಿನಗರದ ಒಂದು ಆಸ್ಪತ್ರೆಯಿಂದ ರುಮಟಾಯ್ಡ್ ಆರ್ಥ್ರೈಟಿಸ್ ರೋಗಿಗಳ ಮೊಣಕಾಲಿನಿಂದ ತೆಗೆದ ನೀರು ಬರುತ್ತಿತ್ತು, ಜೊತೆಗೆ ಅವರ ರಕ್ತವೂ. ಎರಡರಲ್ಲೂ ಟಿ ಎಂಬ ಬಿಳಿ ರಕ್ತಕಣಗಳಿರುತ್ತವೆ. ಮೈ ಕಾಯಬೇಕಾದ ಕಣಗಳು, ಈ ರೋಗದಲ್ಲಿ ಕೀಲಿನ ಮೇಲೇ ತಿರುಗಿ ಬೀಳುತ್ತವೆ. ಪ್ರತಿ ಕಣದ ಮೈಮೇಲೂ ವೈರಿಯನ್ನು ಗುರುತು ಹಿಡಿಯುವ ಒಂದು ಗ್ರಾಹಕ, ಅಂದರೆ ರಿಸೆಪ್ಟರ್. ಹಲವಾರು ಜೀನ್ ತುಂಡುಗಳಲ್ಲಿ ಕೆಲವನ್ನು ಆರಿಸಿ ಜೋಡಿಸಿಕೊಂಡು ಕಣ ಅದನ್ನು ಕಟ್ಟಿಕೊಳ್ಳುತ್ತದೆ. ಕೀಲಿನಲ್ಲಿ ಸೇರಿದ ಕಣಗಳು ಯಾವ ತುಂಡುಗಳನ್ನು ಹೆಚ್ಚು ಬಳಸಿವೆ, ರಕ್ತದಲ್ಲಿ ಓಡಾಡುವವು ಯಾವುದನ್ನು ಬಳಸಿವೆ ಎಂದು ಹೋಲಿಸುವುದು ನಮ್ಮ ಕೆಲಸ. ಇಷ್ಟು ಉದ್ದಕ್ಕೆ ಹೇಳಿದರೆ ಅಮ್ಮ ಆಕಳಿಸುತ್ತಿದ್ದಳು. ಲ್ಯಾಬಿನ ಗೆಳೆಯ ನವೀನ, ಕೆಂಗೇರಿಯವನು, ಒಂದು ಸಲ ಮನೆಗೆ ಬಂದಾಗ ಅವಳಿಗೆ ಒಂದೇ ಮಾತಿನಲ್ಲಿ ಹೇಳಿದ: "ಮಾಗಡಿ ರೋಡಲ್ಲಿ ಒಂದು ಸ್ಕೂಟರ್ ಬಿದ್ರೆ ಐವತ್ತು ಜನ ಸೇರ್ತಾರಲ್ಲ ಆಂಟಿ. ಅದ್ರಲ್ಲಿ ಗುದ್ದಿದೋನು ಯಾರು, ಸುಮ್ನೆ ನೋಡೋಕೆ ಬಂದೋನು ಯಾರು? ಅದನ್ನ ಕಂಡುಹಿಡಿಯೋದು."

"ಸಿಕ್ಕಿದ್ನಾ?" ಎಂದಳು ಅಮ್ಮ.

"ಇಲ್ಲ ಆಂಟಿ. ಎಲ್ರೂ ನಾನವನಲ್ಲ ಅಂತಾವ್ರೆ."

ಆ ನೀರು, ರಕ್ತದ ಟ್ಯೂಬುಗಳ ಮೇಲೆ ಆ ರೋಗದ ಹೆಸರನ್ನು ದಿನವೂ ಬರೆಯುತ್ತಿದ್ದವಳು ನಾನು. ಗೊತ್ತಿದ್ದೂ ರಾಜಾಜಿನಗರದ ಆ ಆಸ್ಪತ್ರೆಗೆ ಹೋಗಲಿಲ್ಲ. ತೋರಿಸಿಕೊಂಡರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ಓದಿದವಳ ಬುದ್ಧಿ ಇಷ್ಟೇ ನೋಡಿ. ಕೊನೆಗೆ ಎಳೆದುಕೊಂಡು ಹೋದವಳು ಓದದ ಅಮ್ಮ.

ಗುರುವಾರ ಗುರುವಾರ ಮಾತ್ರ ಅಲ್ಲಿ ಕೀಲುರೋಗದ ಡಾಕ್ಟರು ಸಿಗುತ್ತಿದ್ದರು. ಅವರ ಕೋಣೆಯ ಹೊರಗಿನ ಸಾಲು ಬೇರೆ ಸಾಲುಗಳ ಹಾಗಲ್ಲ. ಅಲ್ಲಿ ಯಾರೂ ಒಂದು ಕಡೆ ಕೂರುವುದಿಲ್ಲ. ಕೂತರೆ ಹಿಡಿದುಕೊಳ್ಳುತ್ತದೆ, ನಿಂತರೆ ನೋಯುತ್ತದೆ. ಕೂತವರು ಏಳುತ್ತಾರೆ, ಎದ್ದವರು ನಾಲ್ಕು ಹೆಜ್ಜೆ ಹಾಕಿ ಮತ್ತೆ ಕೂರುತ್ತಾರೆ. ಹೊರಗಿನಿಂದ ನೋಡಿದವರಿಗೆ ಇವರಿಗೆಲ್ಲ ಏನೋ ಅವಸರ ಅನ್ನಿಸಬೇಕು. ನಾನು ಆ ಕಾರಿಡಾರಿನ ಗೋಡೆಯಿಂದ ಗೋಡೆಗೆ ಎಷ್ಟು ಸಲ ನಡೆದೆನೋ.

ಪಕ್ಕದಲ್ಲಿದ್ದ ಒಬ್ಬ ಹೆಂಗಸು, ಐವತ್ತು ದಾಟಿದವರು, ಬರಿಗೈ ಚಾಚಿ ಅಮ್ಮನಿಗೆ ತೋರಿಸಿದರು. "ಮಣಿಕಟ್ಟು ಊದಿ ಬಳೆ ಹತ್ತೋದೇ ಇಲ್ಲ ಕಣಮ್ಮ. ಎಲ್ಲರೂ ಅಯ್ಯೋ ಪಾಪ ಅಂತ ನೋಡ್ತಾರೆ. ಈವಯ್ಯ ನೋಡಿದ್ರೆ ಇಲ್ಲೇ ಗುಂಡ್ಕಲ್ಲಂಗೆ ಕೂತವ್ರೆ."

ಅವರ ಗಂಡ ಪೇಪರಿನಿಂದ ತಲೆ ಎತ್ತದೆ, "ಬೋರ್ಡ್ ಹಾಕ್ಕೊಳ್ಳಲಾ ಕತ್ತಿಗೆ, ಬದುಕಿದ್ದೀನಿ ಅಂತ?" ಎಂದರು.

ಅಮ್ಮ ನಕ್ಕಳು. ಎಷ್ಟೋ ದಿನಗಳ ಮೇಲೆ ನಾನೂ ನಕ್ಕೆ. ಆಮೇಲೆ ಆ ಹೆಂಗಸು ನನ್ನ ಕಡೆ ತಿರುಗಿ ಹೇಳಿದ್ದನ್ನು ಈ ರೋಗದವರೆಲ್ಲರಿಗೂ ದಾಟಿಸಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. "ಬೆಳಿಗ್ಗೆ ಎದ್ದ ತಕ್ಷಣ ಬಕೆಟ್ಟಲ್ಲಿ ಬಿಸಿನೀರು ಹಾಕ್ಕೊಂಡು ಕೈ ಇಟ್ಕೊಂಡು ಕೂತ್ಕೊ ಮಗಳೇ. ಅಳೋದಿದ್ರೆ ಆಗಲೇ ಅತ್ತುಬಿಡು. ಎರಡು ಕೆಲಸ ಒಟ್ಟಿಗೆ ಮುಗೀತವೆ."

ಡಾಕ್ಟರು ನನ್ನ ಒಂದೊಂದು ಗೆಣ್ಣನ್ನೂ ಒತ್ತಿ ನೋಡಿ, ರಕ್ತದ ವರದಿ ಓದಿ, ಹೆಸರು ಹೇಳಿದರು. ನಾನು ತಲೆ ಆಡಿಸಿದೆ. ಅಮ್ಮನಿಗೆ ಹೆಸರು ಬೇಕಿರಲಿಲ್ಲ. ಅವಳು ಇಪ್ಪತ್ತು ವರ್ಷದಿಂದ ಮನೆಯಲ್ಲಿ ಊದುಬತ್ತಿ ಹೊಸೆಯುವವಳು. ಮಣೆಯ ಮೇಲೆ ಕರಿ ಮಸಾಲೆಯ ಉಂಡೆ ಇಟ್ಟು, ಕಡ್ಡಿಯನ್ನು ಅದರ ಮೇಲೆ ಅಂಗೈಯಿಂದ ಉರುಳಿಸಿ ಉರುಳಿಸಿ ನನ್ನನ್ನು ಓದಿಸಿದವಳು. ತನ್ನ ಎರಡೂ ಕೈ ಮುಂದೆ ಚಾಚಿ ಡಾಕ್ಟರನ್ನು ಕೇಳಿದಳು: "ದಿನಾ ಉಜ್ಜೋ ಕೈ ಇದು ಸಾರ್. ಬರೋದಿದ್ರೆ ಇದಕ್ಕೆ ಬರಬೇಕಿತ್ತು. ಪೆನ್ನು ಹಿಡಿಯೋ ಕೈಗೆ ಯಾಕೆ ಬಂತು?"

ಡಾಕ್ಟರು ಅವಳ ಕೈಯನ್ನೂ ಒಮ್ಮೆ ಒತ್ತಿ ನೋಡಿದರು. "ದುಡಿಮೆಯಿಂದ ಬರೋದಲ್ಲಮ್ಮ ಇದು. ಯಾರಿಗೆ ಬರತ್ತೆ ಅನ್ನೋದಕ್ಕೆ ಪೂರ್ತಿ ಉತ್ತರ ನಮ್ಮ ಹತ್ರ ಇಲ್ಲ. ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಇರತ್ತೆ. ನಿಮ್ಮಲ್ಲಿ ಯಾರಿಗಾದ್ರೂ ಇದೆಯಾ?"

"ಇಲ್ಲ ಸಾರ್, ಯಾರಿಗೂ ಇಲ್ಲ," ಎಂದೆವು ಇಬ್ಬರೂ.

ಆ ಭಾನುವಾರ ದೊಡ್ಡಪ್ಪ ಬಂದರು. ಎಲ್ಲ ಕೇಳಿಸಿಕೊಂಡರು. ಯಾವ ಆಸ್ಪತ್ರೆ, ಯಾವ ವಾರ, ಏನು ಮಾತ್ರೆ ಎಂದು ಕೆದಕಿ ಕೆದಕಿ ಕೇಳಿದರು. ಆಮೇಲೆ ತೀರ್ಪು. "ಕಾಲೇಜು ಬಿಟ್ಬಿಡು ಪವಿತ್ರಾ. ಆ ಕೈಯಲ್ಲಿ ಆಗಲ್ಲ ಕಣವ್ವ. ಇವತ್ತು ಬೆರಳು, ನಾಳೆ ಮಣಿಕಟ್ಟು. ಆ ಕೈ ಇಟ್ಕೊಂಡು ಏನೂ ಆಗಲ್ಲ."

ಈ ಸಲ ದನಿಯಲ್ಲಿ ಗೇಲಿ ಇರಲಿಲ್ಲ, ಅದೇ ನನ್ನನ್ನು ಹೆಚ್ಚು ಕೆರಳಿಸಿತು. "ನಿಮಗೇನು ಗೊತ್ತು ದೊಡ್ಡಪ್ಪ ಕೈ ವಿಷಯ?" ಎಂದುಬಿಟ್ಟೆ. ಅಮ್ಮ ನನ್ನನ್ನು ಬೈದಳು. ದೊಡ್ಡಪ್ಪ ಕಾಫಿ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕುಡಿದು ಎದ್ದು ಹೋದರು.

ಮಾತ್ರೆ ವಾರಕ್ಕೊಂದು ಸಲ. ಸೋಮವಾರ ಎಂದು ಗೊತ್ತು ಮಾಡಿಕೊಂಡೆವು. ಕೆಲಸ ಮಾಡಲು ವಾರಗಟ್ಟಲೆ ಬೇಕು ಎಂದಿದ್ದರು. ನನಗೆ ಅಷ್ಟು ಪುರುಸೊತ್ತು ಎಲ್ಲಿತ್ತು? ಆ ವರ್ಷದ ಕೊನೆಗೆ ಪ್ರಬಂಧ ಕೊಡಬೇಕು, ಪರೀಕ್ಷೆ ಬರೆಯಬೇಕು. ಒಂದು ವರ್ಷ ಹಿಂದೆ ಬಿದ್ದರೆ ಮತ್ತೆ ಹೋಗುವುದಿಲ್ಲ ಎಂದು ನನಗೇ ಗೊತ್ತಿತ್ತು. ನಮ್ಮಂಥ ಮನೆಗಳಲ್ಲಿ ಓದು ಒಮ್ಮೆ ನಿಂತರೆ ನಿಂತೇ ಹೋಗುತ್ತದೆ. ಅದಕ್ಕೇ ಲ್ಯಾಬಿನಲ್ಲಿ ಯಾರಿಗೂ ಹೇಳಲಿಲ್ಲ. ಲ್ಯಾಬಿನ ಮುಖ್ಯಸ್ಥೆ, ನನ್ನ ಪ್ರಬಂಧದ ಗೈಡ್ ಆಗಿದ್ದ ಮೇಡಂಗೂ ಹೇಳಲಿಲ್ಲ. ಹೇಳಿದರೆ ನನ್ನ ಜಾಗ ಬೇರೆಯವರಿಗೆ ಕೊಟ್ಟಾರು ಎಂದು. ಎಲ್ಲರಿಗಿಂತ ಮೊದಲು ಹೋಗಿ ಬೀಗದ ಮುಂದೆ ಓಡಾಡುತ್ತ ಬೆರಳು ಮಡಚಿ ಬಿಡಿಸಿ ಮಾಡುತ್ತಿದ್ದೆ. ಹನಿ ಹನಿಯಾಗಿ ಅಳೆದು ಎಳೆಯುವ ಪಿಪೆಟ್ಟಿನ ಗುಂಡಿಯನ್ನು ಹೆಬ್ಬೆರಳಿನ ಬದಲು ಅಂಗೈಯಿಂದ ಒತ್ತುವುದನ್ನು ಕಲಿತೆ. ಯಾರಾದರೂ ನೋಡಿದರೆ ತಲೆ ಕೆರೆದುಕೊಳ್ಳುವ ನಾಟಕ.

ಎರಡನೇ ತಿಂಗಳು ಎಡ ಮೊಣಕಾಲು ಊದಿತು. ಮೆಟ್ಟಿಲು ಇಳಿಯಲಾಗದಷ್ಟು. ಗುರುವಾರ ಡಾಕ್ಟರು ಸೂಜಿ ಹಾಕಿ ನೀರು ತೆಗೆದರು. ಸಿರಿಂಜಿನಲ್ಲಿ ತಿಳಿ ಹಳದಿ, ಸ್ವಲ್ಪ ಮೋಡ ಕವಿದ ಹಾಗೆ. ಎಷ್ಟು ಸಲ ನೋಡಿದ್ದೆ ಆ ಬಣ್ಣವನ್ನು! ನರ್ಸು ಒಂದು ಕಾಗದ ತಂದರು. ಈ ನೀರನ್ನೂ ಸ್ವಲ್ಪ ರಕ್ತವನ್ನೂ ಸಂಶೋಧನೆಗೆ ಕೊಡಲು ಒಪ್ಪಿಗೆ ಇದೆಯೇ, ಹೆಸರು ಹೊರಗೆ ಬರುವುದಿಲ್ಲ, ಅಂಕೆ ಮಾತ್ರ ಇರುತ್ತದೆ. ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಬೇಕಿರಲಿಲ್ಲ. ವಕ್ರವಕ್ರವಾಗಿ ಸಹಿ ಹಾಕಿದೆ. ನಾನು ಅಲ್ಲಿ ಓದುವವಳು ಎಂದು ಹೇಳಲೇ ಇಲ್ಲ.

ಮಧ್ಯಾಹ್ನ ಕ್ಯಾಂಪಸ್ಸಿಗೆ ಕುಂಟುತ್ತಲೇ ಹೋದೆ. ಐಸ್ ಡಬ್ಬಿ ಬಂದಿತ್ತು. ಆ ದಿನ ಬಂದದ್ದು ಒಂದೇ ಮಾದರಿ. ಅಂಕೆ, ಅದರ ಕೆಳಗೆ: ಹೆಣ್ಣು, ಇಪ್ಪತ್ಮೂರು, ಎಡ ಮೊಣಕಾಲು.

ಆಗಲೇ ಮೇಡಂಗೆ ಹೇಳಬೇಕಿತ್ತು. ತನ್ನದೇ ಮಾದರಿಯನ್ನು ತಾನೇ ಮುಟ್ಟಬಾರದು, ಇದು ಕಲಿತ ಮೊದಲ ಪಾಠ. ಆದರೆ ಆ ಹೊತ್ತಿನಲ್ಲಿ ನನಗೆ ಒಂದೇ ಹಂಬಲ. ನನ್ನ ಕೀಲಿನಲ್ಲಿ ಗುದ್ದಿದವನು ಯಾರು, ಅದನ್ನು ನಾನೇ ನೋಡಬೇಕು. ಬೇರೆಯವರು ನನಗಿಂತ ಮೊದಲು ನೋಡಬಾರದು. ಟ್ಯೂಬನ್ನು ಯಂತ್ರದಲ್ಲಿಟ್ಟು ತಿರುಗಿಸಿದೆ. ತಳದಲ್ಲಿ ಸಾಸಿವೆ ಕಾಳಿನಷ್ಟು ಬೆಳ್ಳಗಿನ ಗಷ್ಟು ಕೂತಿತ್ತು. ನನ್ನ ಕಣಗಳು. ಮೇಲಿನ ನೀರನ್ನು ನಿಧಾನವಾಗಿ ಎಳೆದು ಚೆಲ್ಲಬೇಕು, ಗಷ್ಟಿಗೆ ತಾಗಬಾರದು. ಅರ್ಧ ಎಳೆದಿದ್ದೆ. ಹೆಬ್ಬೆರಳಿನ ಬುಡ ಹಿಡಿದುಕೊಂಡಿತು. ಗುಂಡಿ ಕೈತಪ್ಪಿ ಪಟ್ಟೆಂದು ಮೇಲೆ ಹಾರಿತು. ತಳದಲ್ಲಿದ್ದದ್ದೆಲ್ಲ ಸೊರ್ರನೆ ಮೇಲಕ್ಕೆ ಬಂತು. ಗಾಬರಿಯಲ್ಲಿ ಅದನ್ನು ಚೆಲ್ಲುವ ಬಟ್ಟಲಿಗೇ ಒತ್ತಿಬಿಟ್ಟೆ. ಬಟ್ಟಲಿನಲ್ಲಿ ಬ್ಲೀಚಿತ್ತು.

ನವೀನ ನೋಡಿದ. "ಏನ್ ಗುರು ಇದು? ಒಂದೇ ಸ್ಯಾಂಪಲ್ ಇವತ್ತು!"

ಆಮೇಲೆ ನನ್ನ ಕೈ ನೋಡಿದ. ಅದು ಇನ್ನೂ ಕೊಕ್ಕೆಯ ಹಾಗೆ ನಿಂತಿತ್ತು. ಅವನು ಪಿಪೆಟ್ಟನ್ನು ಮೆಲ್ಲಗೆ ಅದರಿಂದ ಬಿಡಿಸಿಕೊಂಡ.

ಮೇಡಂ ಕೋಣೆಯಲ್ಲಿ ನಾನು ಕೂರಲಿಲ್ಲ, ಕೂತರೆ ಮೊಣಕಾಲು ಮತ್ತೆ ಏಳುವುದಿಲ್ಲ ಎಂಬ ಭಯ. ನಿಂತೇ ಎಲ್ಲವನ್ನೂ ಹೇಳಿದೆ. ರೋಗ, ಮಾತ್ರೆ, ಟ್ಯೂಬಿನ ಅಂಕೆ ಯಾರದೆಂದು. ಅವರು ಸಮಾಧಾನದ ಮಾತು ಆಡುವವರಲ್ಲ.

"ನಿನ್ನ ಸ್ಯಾಂಪಲ್ ನೀನೇ ಮುಟ್ಟಿದ್ದು ತಪ್ಪು. ಗೊತ್ತಾ?"

"ಗೊತ್ತು ಮೇಡಂ."

"ಇಷ್ಟು ತಿಂಗಳು ಹೇಳದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಆಸ್ಪತ್ರೆಗೆ ನಾನು ಬರೆದು ತಿಳಿಸ್ತೀನಿ. ನೀನು ಈ ಲ್ಯಾಬಿನವಳು, ನಿನ್ನ ಸ್ಯಾಂಪಲ್ ಇನ್ಮೇಲೆ ತಗೊಳಲ್ಲ. ಆ ನಂಬರು ಹೋಯ್ತು." ನನ್ನ ಕೈಯ ಕಡೆ ನೋಡಿ, "ನಾಳೆಯಿಂದ ಪಿಪೆಟ್ ಮುಟ್ಟಬೇಡ," ಎಂದರು.

ಮುಗಿಯಿತು ಎಂದುಕೊಂಡೆ. ದೊಡ್ಡಪ್ಪ ಗೆದ್ದರು.

"ಸೀಕ್ವೆನ್ಸ್ ಫೈಲುಗಳು ಬಂದು ಬಿದ್ದಿವೆ, ಎಣಿಸೋರು ಯಾರೂ ಇಲ್ಲ. ನವೀನ ಕೈಕೆಲಸ ಮಾಡ್ಲಿ, ನೀನು ಕಂಪ್ಯೂಟರಲ್ಲಿ ಎಣಿಸು. ಗಂಟೆಗೊಂದ್ಸಲ ಎದ್ದು ಓಡಾಡು. ಪ್ರಬಂಧ ಇದೇ ವರ್ಷ ಕೊಡ್ಬೇಕು, ನೆನಪಿರಲಿ."

ಹೊರಗೆ ಬಂದು ಕಾರಿಡಾರಿನಲ್ಲಿ ನಡೆದೆ, ನಡೆದೆ. ಅಳು ಬರಲಿಲ್ಲ. ಬಿಸಿನೀರು ಇರಲಿಲ್ಲವಲ್ಲ.

ಮುಂದಿನ ತಿಂಗಳುಗಳು ಎಣಿಕೆ. ಯಾರ ಕೀಲಿನಲ್ಲಿ ಯಾವ ಜೀನ್ ತುಂಡು ಎಷ್ಟು ಸಲ, ಅದೇ ಮನುಷ್ಯನ ರಕ್ತದಲ್ಲಿ ಎಷ್ಟು ಸಲ. ಒಬ್ಬೊಬ್ಬರ ಕೀಲಿನಲ್ಲೂ ಕೆಲವು ಮುಖಗಳು ಮತ್ತೆ ಮತ್ತೆ ಕಂಡವು, ರಕ್ತದಲ್ಲಿ ಅಷ್ಟು ಕಾಣದವು. ಆದರೆ ಒಬ್ಬರಲ್ಲಿ ಕಂಡದ್ದು ಇನ್ನೊಬ್ಬರಲ್ಲಿ ಇಲ್ಲ. ಎಲ್ಲರ ಮನೆಗೂ ನುಗ್ಗಿದ ಒಬ್ಬನೇ ಕಳ್ಳ ನನ್ನ ಪಟ್ಟಿಯಲ್ಲಿ ಸಿಗಲಿಲ್ಲ. ನನ್ನ ಮೊಣಕಾಲಿನಲ್ಲಿ ಸೇರಿದ್ದವರು ಯಾರು ಎಂಬುದಂತೂ ನನಗೆ ಎಂದೂ ಗೊತ್ತಾಗುವುದಿಲ್ಲ. ಅವರು ಬ್ಲೀಚಿನಲ್ಲಿ ಹೋದರು. ಈಗಲೂ ಕೆಲವು ಬೆಳಿಗ್ಗೆ ಬಕೆಟ್ಟಿನ ಮುಂದೆ ಕೂತಾಗ ಅದು ನೆನಪಾಗಿ ಮೈ ಪರಚಿಕೊಳ್ಳುವಂತಾಗುತ್ತದೆ.

ಪರೀಕ್ಷೆಗೆ ಮಾತ್ರ ಕಂಪ್ಯೂಟರ್ ಇಲ್ಲ. ಮೂರು ಗಂಟೆ ಕೈಯಲ್ಲೇ ಬರೆಯಬೇಕು. ಮಾತ್ರೆ ಕೆಲಸ ಶುರು ಮಾಡಿತ್ತು, ಆದರೂ ತೆಳು ಪೆನ್ನು ಹಿಡಿದರೆ ಬೆರಳು ಅದರ ಸುತ್ತ ಪೂರ್ತಿ ಮಡಚುತ್ತಿರಲಿಲ್ಲ. ಅಮ್ಮ ನೋಡಿದಳು. ನನ್ನ ಪೆನ್ನು ತೆಗೆದುಕೊಂಡು ಮಣೆಯ ಮೇಲಿಟ್ಟಳು. ಒಂದು ಹಿಡಿ ಕರಿ ಮಸಾಲೆ ತಟ್ಟಿ, ಕಡ್ಡಿ ಹೊಸೆಯುವಂತೆ ಪೆನ್ನನ್ನೇ ಹೊಸೆದಳು. ಹೆಬ್ಬೆರಳು ದಪ್ಪದ ಪೆನ್ನು. ಬಿಸಿಲಲ್ಲಿ ಒಣಗಿಸಿ ಕೊಟ್ಟಳು. ಹಿಡಿದರೆ ಕೈತುಂಬ ಕೂತಿತು, ನೋವೇ ಇಲ್ಲ.

ಮೊದಲ ಪತ್ರಿಕೆಯ ದಿನ ಒಂದು ಗಂಟೆ ಚೆನ್ನಾಗಿ ಬರೆದೆ. ಆಮೇಲೆ ಕೈ ಬೆವರಿತು. ಮಸಾಲೆ ಕರಗತೊಡಗಿತು. ಉತ್ತರ ಪತ್ರಿಕೆಯ ತುಂಬ ಕರಿ ಬೆರಳಚ್ಚು. ಮೇಲ್ವಿಚಾರಕರು ಮೂಗು ಅರಳಿಸುತ್ತ ಬಂದರು.

"ಏನಮ್ಮ ಇದು, ಪೂಜೆ ವಾಸನೆ?"

"ಪೆನ್ನು ಸಾರ್."

"ಪೆನ್ನಾ?" ಅವರು ಅದನ್ನು ಎತ್ತಿ, ತಿರುಗಿಸಿ, ಮೂಸಿ ನೋಡಿದರು. ಒಳಗೆ ಚೀಟಿ ಇಲ್ಲವೆಂದು ಖಾತ್ರಿಯಾದ ಮೇಲೆ ತಮ್ಮ ಕರ್ಚೀಫು ಕೊಟ್ಟು, "ಒರೆಸ್ಕೊಂಡು ಬರಿ," ಎಂದರು.

ಭಾನುವಾರ ಅಮ್ಮ ಈ ಕಥೆಯನ್ನು ಹೇಳಿಕೊಂಡು ನಗುತ್ತಿದ್ದರೆ ದೊಡ್ಡಪ್ಪ ನಗಲಿಲ್ಲ. "ಮಸಾಲೆ ನಿಲ್ಲಲ್ಲ. ಬಟ್ಟೆ ಸುತ್ತಬೇಕು. ಕಾಟನ್ ಬಟ್ಟೆ ಎರಡು ಬೆರಳಗಲ ಹರಿದು, ಓರೆಯಾಗಿ ಸುತ್ತು, ಒಂದರ ಮೇಲೊಂದು ಅರ್ಧ ಬರಂಗೆ. ನನ್ ಕತ್ತರಿ ಹಿಡಿಗೆ ಹಂಗೇ ಸುತ್ತಿದ್ದೆ," ಎಂದರು. ಅವರು ಕುರ್ಚಿಯಿಂದಲೇ ಹೇಳುತ್ತ ಹೋದರು, ಅಮ್ಮ ಸುತ್ತಿದಳು. ಟೈಲರ್ ಅಲ್ಲವೇ, ಗೊತ್ತಿರುತ್ತದೆ ಎಂದುಕೊಂಡೆ. ಕತ್ತರಿಗೆ ಯಾಕೆ ಬಟ್ಟೆ ಸುತ್ತಬೇಕಿತ್ತು ಎಂದು ಕೇಳುವ ಬುದ್ಧಿ ಬರಲಿಲ್ಲ. ಉಳಿದ ಪತ್ರಿಕೆಗಳನ್ನೆಲ್ಲ ಆ ಪೆನ್ನಿನಲ್ಲೇ ಬರೆದೆ.

ಪ್ರಬಂಧದ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೇಳಿದರು, "ಹಾಗಾದ್ರೆ ನಿಮ್ಮ ಪ್ರಕಾರ ರೋಗಕ್ಕೆ ಕಾರಣವಾದ ಕಣ ಯಾವುದು?" ಗೊತ್ತಿಲ್ಲ ಸಾರ್ ಎಂದೆ. ಗುಂಪಿನಲ್ಲಿ ಯಾರು ಮತ್ತೆ ಮತ್ತೆ ಕಾಣುತ್ತಾರೆ ಎಂದು ಹೇಳಬಲ್ಲೆ, ಗುದ್ದಿದ್ದು ಅವರೇ ಎಂದು ಹೇಳಲಾರೆ. ಅವರು ಬರೆದುಕೊಂಡರು. ಮೇಡಂ ಮೇಜಿನ ಕಡೆ ನೋಡಿದರು, ತುಟಿಯ ಅಂಚಿನಲ್ಲಿ ನಗುವಿನಂಥದ್ದೇನೋ ಇತ್ತು.

ಪಾಸಾದೆ. ರೋಗ ಹೋಗಿಲ್ಲ, ಹೋಗುವುದೂ ಇಲ್ಲ. ಸೋಮವಾರದ ಮಾತ್ರೆ, ಗುರುವಾರದ ಡಾಕ್ಟರು, ಬೆಳಗಿನ ಬಕೆಟ್ಟು, ಇವುಗಳ ಜೊತೆ ಬದುಕು ಒಗ್ಗಿದೆ. ಈಗ ಬಸ್ಸಿನಲ್ಲಿ ಕಂಬಿ ಹಿಡಿಯುತ್ತೇನೆ.

ಘಟಿಕೋತ್ಸವದಲ್ಲಿ ಸರ್ಟಿಫಿಕೇಟು ಕೈಗೆ ಬಂದ ಮೇಲಿನ ಭಾನುವಾರ ದೊಡ್ಡಪ್ಪ ಎಂದಿನಂತೆ ಬಂದರು. ಅಮ್ಮ ಮಣೆಯ ಮುಂದೆ ಕೂತಿದ್ದಳು. ಮೊದಲು ಅವಳಿಗೇ ಕೊಡಲು ಹೋದೆ. "ಬೇಡ ಬೇಡ, ಕೈಯೆಲ್ಲ ಮಸಿ. ನಿಮ್ ದೊಡ್ಡಪ್ಪಂಗೆ ಕೊಡು. ಆಗಲ್ಲ ಆಗಲ್ಲ ಅಂತಿದ್ರಲ್ಲ, ಓದ್ಲಿ," ಎಂದಳು.

ನಾನೂ ಅದಕ್ಕೇ ಕಾದಿದ್ದೆ, ಸುಳ್ಳು ಯಾಕೆ ಹೇಳಲಿ. ಸರ್ಟಿಫಿಕೇಟನ್ನು ಅವರ ಮುಂದೆ ಚಾಚಿದೆ.

ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಆಮೇಲೆ ಟವೆಲಿನೊಳಗಿಂದ ಎರಡೂ ಕೈ ಹೊರಗೆ ತೆಗೆದರು. ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿದ್ದವು, ಗಾಳಿಗೆ ಒರಗಿದ ಪೈರಿನ ಹಾಗೆ. ಗೆಣ್ಣುಗಳು ಗಂಟು ಕಟ್ಟಿ ನಿಂತಿದ್ದವು. ಎರಡು ವರ್ಷ ಪುಸ್ತಕದಲ್ಲಿ ನಾನು ನೋಡಿದ ಚಿತ್ರ ಅದೇ. ಎಷ್ಟು ಭಾನುವಾರ ಅದರ ಮುಂದೆ ಕೂತು ಕಾಫಿ ಕುಡಿದಿದ್ದೆ! ಯಾರಿಗೂ ಇಲ್ಲ ಸಾರ್ ಎಂದಿದ್ದೆವು.

ಅವರು ಸರ್ಟಿಫಿಕೇಟನ್ನು ಎರಡು ಅಂಗೈಗಳ ನಡುವೆ ಹಿಡಿದು ಓದತೊಡಗಿದರು. ನನ್ನ ಹೆಸರು, ಅಪ್ಪನ ಹೆಸರು, ಕೊನೆಯ ಸಾಲಿನ ಸಣ್ಣ ಅಕ್ಷರಗಳವರೆಗೂ, ಕನ್ನಡಕವಿಲ್ಲದೆ, ಒಂದೂ ತಡವರಿಸದೆ. ಕಣ್ಣು ಮಂಜಾಯಿತೆಂದು ಹೇಳಿ ಅಂಗಡಿ ಮುಚ್ಚಿದವರು.

"ಇದನ್ನ ಮಡಚಬಾರದಲ್ವಾ?" ಎಂದರು.

"ಮಡಚಬಾರದು ದೊಡ್ಡಪ್ಪ."

"ಭಯ ಬೇಡ. ಈ ಬೆರಳಿಗೆ ಮಡಚೋಕೆ ಬರಲ್ಲ."

ಅಮ್ಮನ ಮಣೆಯ ಸದ್ದು ನಿಂತಿತ್ತು. ಅವರು ಸರ್ಟಿಫಿಕೇಟನ್ನು ನನ್ನ ಕೈಗೆ ವಾಪಸು ಕೊಟ್ಟರು. ಈ ಸಲ ಕೈಗಳನ್ನು ಟವೆಲಿನೊಳಗೆ ಸೇರಿಸಲಿಲ್ಲ.

"ನಿನ್ ಡಾಕ್ಟ್ರು ಗುರುವಾರ ತಾನೇ ಸಿಗೋದು? ನನ್ನೂ ಒಂದ್ಸಲ ಕರ್ಕೊಂಡು ಹೋಗವ್ವ."